ಅಕ್ಕೋರು ಕೇಳಿದ ಮೌನ

ಹೋದ ವಾರ ಮನೆಯ ಮಿಕ್ಸರ್ ಕೆಟ್ಟಿತೆಂದು ಯಾದಗಿರಿಗೆ ಒಯ್ದಿದ್ದೆ. ಟಿ.ವಿ., ಮಿಕ್ಸರ್, ಪೇಟಿ ಎಲ್ಲವನ್ನೂ ರಿಪೇರಿ ಮಾಡುವ ಒಂದು ಸಣ್ಣ ಅಂಗಡಿ ಅದು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತೇವೆ. ಅಂಗಡಿಯಾತ ಯಾವುದೋ ಹಳ್ಳಿಯ ಭಜನಾ ಮಂಡಳಿಯ ಪೇಟಿಯನ್ನು ಬಿಚ್ಚುತ್ತ ಕುಳಿತಿದ್ದ. ಮೇಲಿನ ಹಲಗೆ ಎತ್ತಿದೊಡನೆ ಒಳಗಿನಿಂದ ಒಣ ಬೇವಿನೆಲೆಯ ಪುಡಿ ಉದುರಿತು. ಹುಳ ಹತ್ತದಿರಲಿ ಎಂದು ಯಾರೋ ಇಟ್ಟಿದ್ದು. ಹಳೆಯ ಕಟ್ಟಿಗೆ, ತೊಗಲು, ಬೇವು ಮೂರೂ ಸೇರಿದ ಆ ಕಹಿ ವಾಸನೆ ಮೂಗಿಗೆ ಬಡಿಯುತ್ತಲೇ ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

"ಯಾಕ್ರೀ ಅಕ್ಕಾ, ನೀರು ಕೊಡ್ಲೇನ್ರಿ?" ಎಂದ ಆತ.

ಡ್ಯೂಟಿ ಮುಗಿಸಿ ಹಾಗೇ ಬಂದಿದ್ದೇನೆ, ಆಯಾಸ ಅಷ್ಟೇ ಎಂದೆ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನಗೆ ಈ ಮಾತು ಎಲ್ಲ ಕಡೆ ಉಪಯೋಗಕ್ಕೆ ಬರುತ್ತದೆ. ಆದರೆ ನನ್ನ ಕಣ್ಣ ಮುಂದೆ ಬಂದು ನಿಂತಿದ್ದು ಅಕ್ಕೋರು... ಶಹಾಪುರದ ನಮ್ಮ ಚರ್ಚಿನ ಎಡಬದಿಯ ಚಾಪೆ, ಚಾಪೆಯ ಮೇಲೆ ಪೇಟಿ, ಪೇಟಿಯ ಹಿಂದೆ ಅಕ್ಕೋರು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆಲ್ಲ ಅಕ್ಕೋರು ಎಂದೇ ಕರೆಯುವುದು. ಅವರೂ ಸರಕಾರಿ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದರು. ಗಂಡ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಭಾನುವಾರದ ಪೂಜೆಗೆ ಹಾಡಿಸುವುದು ಅವರ ಕೆಲಸ ಎಂದು ಯಾರೂ ಗೊತ್ತುಮಾಡಿದ್ದಲ್ಲ. ಅವರು ಬಂದು ಕುಳಿತರು, ಅದು ಅವರದಾಯಿತು. ನಾನು ಮದುವೆಯಾಗಿ ಶಹಾಪುರಕ್ಕೆ ಬಂದ ಹೊಸತರಲ್ಲಿ ಹಿಂದಿನ ಬೆಂಚಿನಲ್ಲಿ ಮೆಲ್ಲಗೆ ಹಾಡಿಕೊಳ್ಳುತ್ತಿದ್ದುದನ್ನು ಕೇಳಿ, ಪೂಜೆ ಮುಗಿದ ಮೇಲೆ ಹತ್ತಿರ ಬಂದು, "ಅಲ್ಲಿ ಯಾಕ ಕುಂತೀವಾ? ಮುಂದಿನ ವಾರದಿಂದ ನನ್ನ ಬಾಜೂ ಕುಂದ್ರು" ಎಂದರು. ಅಷ್ಟೇ. ಅಂದಿನಿಂದ ಅವರ ಬಲಕ್ಕೆ ನನ್ನ ಜಾಗ.

ನಮ್ಮದು ಚಿಕ್ಕ ಚರ್ಚು. ಊರಿನವರಿಗೆ ಅದು ಏಸುಸ್ವಾಮಿ ಗುಡಿ. ಸುತ್ತಲಿನ ಹಳ್ಳಿಗಳ ಕೆಲವು ಕುಟುಂಬಗಳು, ಕರಾವಳಿಯಿಂದ ಬಂದ ನೌಕರಸ್ಥರು, ಆಮೇಲಾಮೇಲೆ ಕಡೇಚೂರಿನ ಕಾರ್ಖಾನೆಗಳಿಗೆ ಕೆಲಸಕ್ಕೆ ಬಂದ ಹುಡುಗರು, ಇಷ್ಟೇ ಮಂದಿ. ಅಕ್ಕೋರು ಹೊಸ ಹಾಡು ಕಲಿಸುವ ಮೊದಲು ಸಾಲುಗಳನ್ನು ಓದಿಸುತ್ತಿದ್ದರು, ಅರ್ಥ ಕೇಳುತ್ತಿದ್ದರು. ಯಾರಾದರೂ ಸ್ವರ ಎಳೆದು ಬಳುಕಿಸಿದರೆ ಪೇಟಿಯ ಗಾಳಿ ನಿಲ್ಲಿಸಿ ಕನ್ನಡಕದ ಮೇಲಿನಿಂದ ನೋಡುತ್ತಿದ್ದರು. "ಈ ಆಲಾಪ ಯಾರಿಗಿ? ದೇವರಿಗೋ, ಆ ಕಡಿ ಬೆಂಚಿನವರಿಗೋ?" ಎಲ್ಲರೂ ನಗುತ್ತಿದ್ದೆವು. ಬಳುಕಿಸಿದವರೂ ನಗುತ್ತಿದ್ದರು.

ಆದರೆ ಅವರು ಹಾಡಿದ್ದಕ್ಕಿಂತ ಹಾಡದೆ ಕುಳಿತದ್ದೇ ನನಗೆ ಹೆಚ್ಚು ನೆನಪಿದೆ. ಪೂಜೆಯ ಕೊನೆಗೆ ಫಾದರ್ ಪರಮಪ್ರಸಾದದ ರೊಟ್ಟಿಯ ತುಣುಕು ಹಂಚುವಾಗ ಒಂದು ಹಾಡು. ಕೊನೆಯವರು ಪ್ರಸಾದ ಸ್ವೀಕರಿಸಿ ತಮ್ಮ ಜಾಗಕ್ಕೆ ಮರಳುವಷ್ಟರಲ್ಲಿ ಅದು ಮುಗಿಯಬೇಕು. ಆಮೇಲೆ ಅಕ್ಕೋರು ಪೇಟಿ ಮುಚ್ಚಿ, ಕನ್ನಡಕ ತೆಗೆದು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರು. "ಈಗ ನಮ್ಮ ಕೆಲಸ ಇಲ್ಲ" ಎಂದು ಮೊದಲ ಸಲ ನನ್ನ ಕಿವಿಯಲ್ಲಿ ಹೇಳಿದ್ದರು. ಫ್ಯಾನಿನ ಸದ್ದು, ತಗಡಿನ ಮೇಲೆ ಪಾರಿವಾಳದ ಹೆಜ್ಜೆ, ರಸ್ತೆಯಲ್ಲಿ ಹೋಗುವ ಆಟೋ... ಮತ್ತೇನೂ ಇಲ್ಲ. ವಾರವಿಡೀ ನರಳುವವರ ನಡುವೆ ಓಡಾಡಿ ಬಂದ ನನಗೆ ಆ ಹೊತ್ತು ಮಲಗಿ ಎದ್ದಷ್ಟು ಹಿತವಾಗುತ್ತಿತ್ತು.

ನನಗಿಂತ ಹೆಚ್ಚಾಗಿ ಅದು ಬೇಕಿದ್ದ ಇನ್ನೊಬ್ಬಾಕೆ ಇದ್ದಳು. ಸುರಪುರದ ಆಚೆಯ ಹಳ್ಳಿಯವಳು, ಕುರಿ ಸಾಕುವ ಮನೆಯ ಹೆಂಗಸು. ಸುರಪುರದಲ್ಲಿ ತಿಂಗಳಿಗೊಮ್ಮೆ ಮಾತ್ರ ಪೂಜೆ ಇರುತ್ತಿದ್ದುದರಿಂದ ಉಳಿದ ವಾರ ಮೊದಲ ಬಸ್ಸಿಗೆ ಶಹಾಪುರಕ್ಕೆ ಬರುತ್ತಿದ್ದಳು. ಅವಳ ಒಬ್ಬಳೇ ಮಗಳು ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಮೊಮ್ಮಗುವನ್ನು ಇವಳೇ ಸಾಕುತ್ತಿದ್ದಳು. ಮನೆಯಲ್ಲಿ ಅಳುವಂತಿಲ್ಲ. ಅತ್ತರೆ ಮಗು ಹೆದರುತ್ತದೆ, ಗಂಡ ಬೈಯುತ್ತಾನೆ, ಬೀಗರು ಅಪಶಕುನ ಎನ್ನುತ್ತಾರೆ. ಹಾಗಾಗಿ ಪ್ರಸಾದ ತೆಗೆದುಕೊಂಡು ಬಂದು ಕೊನೆಯ ಬೆಂಚಿನ ಮೂಲೆಯಲ್ಲಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಸದ್ದಿಲ್ಲದೆ ಅಳುತ್ತಿದ್ದಳು. ಭುಜ ಮಾತ್ರ ಅಲುಗುತ್ತಿತ್ತು. ಫಾದರ್ ಎದ್ದು ನಿಂತು ಪ್ರಾರ್ಥಿಸೋಣ ಎನ್ನುವಷ್ಟರಲ್ಲಿ ಮುಖ ಒರೆಸಿಕೊಂಡು ಎದ್ದು ನಿಂತಿರುತ್ತಿದ್ದಳು.

ಆಮೇಲೆ ಹೊಸ ಫಾದರ್ ಬಂದರು. ಕರಾವಳಿಯವರು, ಚಿಕ್ಕ ವಯಸ್ಸು. ಯಾದಗಿರಿ, ಶಹಾಪುರ, ಸುರಪುರ ಎಂದು ಮೋಟರ್‌ಸೈಕಲ್ಲಿನ ಮೇಲೆ ಬಿಸಿಲಲ್ಲಿ ಓಡಾಡಿ ಕಪ್ಪಾಗಿದ್ದರು. ಅವರು ಕೀಬೋರ್ಡ್ ತರಿಸಿದರು, ಎಲೆಕ್ಟ್ರಿಕ್ ಡ್ರಮ್ಮು, ಎರಡು ದೊಡ್ಡ ಸ್ಪೀಕರ್. ಚಪ್ಪಾಳೆ ತಟ್ಟಿ ಹಾಡುವ ಹೊಸ ಹಾಡುಗಳು ಬಂದವು. ಕಡೇಚೂರಿನ ಹುಡುಗರು ಭಾನುವಾರ ಮಲಗುವುದು ಬಿಟ್ಟು ಸೈದಾಪುರದಿಂದ ಜೀಪು ಹಿಡಿದು ಬರತೊಡಗಿದರು. ಕೀಬೋರ್ಡ್ ನುಡಿಸಲು ಮುಂದೆ ಬಂದವಳು ನನ್ನ ಮಗಳು. ಆಗ ಕಾಲೇಜಿನಲ್ಲಿದ್ದಳು. ಸರಿಗಮ ಕಲಿತದ್ದು ಅಕ್ಕೋರ ಹತ್ತಿರವೇ.

ಮೊದಲೆರಡು ವಾರ ಅಕ್ಕೋರು ಜೊತೆಗೇ ನುಡಿಸಿ ನೋಡಿದರು. ಹಳೆಯ ಪೇಟಿಯ ಶ್ರುತಿ ಕೀಬೋರ್ಡಿಗೆ ಕೂಡಲಿಲ್ಲ. ಎರಡರಲ್ಲಿ ಒಂದು ನಿಲ್ಲಬೇಕಿತ್ತು. ಮೂರನೆಯ ವಾರ ಅಕ್ಕೋರು ಪೇಟಿ ಮುಚ್ಚಿ ಅದರ ಮೇಲೆ ಬಟ್ಟೆ ಹೊದಿಸಿದರು, ಎಲ್ಲರ ಜೊತೆ ನಿಂತು ಹಾಡಿದರು.

ಅಂದು ಸಂಜೆ ನಾನು ಅವರ ಮನೆಗೆ ಹೋದೆ. ಬೇಜಾರಾಗಿರಬಹುದು ಎಂದುಕೊಂಡಿದ್ದೆ. ಅವರು ಮೆಂತೆಸೊಪ್ಪು ಸೋಸುತ್ತ ಕುಳಿತಿದ್ದರು.

"ನಾ ಮೊದಲ ಸಲ ಪೇಟಿ ತಂದಾಗ ಏನಾತು ಗೊತ್ತೇನು?" ಎಂದರು. "ಫಾದರ್ ಇಲ್ಲದಾಗ ಪ್ರಾರ್ಥನಾ ನಡಸೋ ಮುದುಕ ಉಪದೇಶಿ ಇದ್ರು. ಅವರ ಕಾಲದಾಗ ವಾದ್ಯ ಇಲ್ಲ, ಖಾಲಿ ಬಾಯಿಲೆ ಹಾಡೋದು. ನನ್ನ ಪೇಟಿ, ತಬಲಾ ನೋಡಿ, ಇದು ಬಯಲಾಟದ ಅಡ್ಡಾ ಏನವಾ ಅಂದ್ರು. ಎದ್ದು ಹೊರಗ ಕಟ್ಟಿ ಮ್ಯಾಲ ಕುಂತ್ರು. ಪ್ರಸಾದಕ್ಕ ಮಾತ್ರ ಒಳಗ ಬಂದ್ರು. ಭಾಳ ದಿನ ಹಂಗ ಮಾಡಿದ್ರು."

"ನೀವೇನಂದ್ರಿ?"

"ಮುದುಕಗ ಏನ್ ತಿಳೀತೈತಿ ಅಂದೆ. ಈಗ ನಿನ್ನ ಮಗಳೂ ಅದನ್ನ ಅಂತಿರಬೇಕು." ಅವರು ಕಡ್ಡಿಗಳನ್ನು ಒಂದು ಬದಿಗೆ ಸರಿಸಿದರು. "ಹುಡುಗರು ಬರಾಕತ್ಯಾರ. ಅದು ಸುಳ್ಳಲ್ಲ. ನನ್ನ ಪೇಟಿಗಿ ಅವರು ಬರ್ತಿರಲಿಲ್ಲ."

ಅವರು ನಿಜವಾಗಿ ನೊಂದದ್ದು ಇನ್ನೊಂದು ಭಾನುವಾರ. ಪ್ರಸಾದದ ಹಾಡು ಮುಗಿಯುತ್ತಲೇ ಇನ್ನೊಂದು ಹಾಡು ಶುರುವಾಯಿತು. ಡ್ರಮ್ಮು, ಚಪ್ಪಾಳೆ, ಸ್ಪೀಕರಿನ ಅದುರು. ಕೊನೆಯ ಬೆಂಚಿನ ಹೆಂಗಸು ಸೆರಗು ಎಳೆದುಕೊಂಡವಳು ಹಾಗೇ ಎದ್ದು ಹೊರಗೆ ಹೋದಳು. ಪೂಜೆ ಮುಗಿಯುವ ಮೊದಲು ಜಾಗ ಬಿಟ್ಟು ಎದ್ದವರಲ್ಲ ಅಕ್ಕೋರು. ಅಂದು ಎದ್ದು ಅವಳ ಹಿಂದೆಯೇ ಹೋದರು. ನಾನು ಹೊರಗೆ ಬಂದಾಗ ಇಬ್ಬರೂ ಗೋಡೆಯ ನೆರಳಿನಲ್ಲಿ ಕುಳಿತಿದ್ದರು. ಅವಳು ಅಳುತ್ತಿರಲಿಲ್ಲ. "ಇಲ್ರಿ ಅಕ್ಕೋರ, ಇವತ್ತ ಬರಲಿಲ್ಲ" ಎನ್ನುತ್ತಿದ್ದಳು. ಅಳು ಬರಲಿಲ್ಲ ಎಂದು ಅವಳು ಹೇಳುತ್ತಿದ್ದುದು.

ಅಕ್ಕೋರು ನೇರ ಫಾದರ್ ಬಳಿ ಹೋದರು. ಅವರು ಇನ್ನೂ ಪೂಜಾವಸ್ತ್ರ ಕಳಚುತ್ತಿದ್ದರು.

"ಫಾದರ್, ಎಲ್ಲಾ ಹಾಡು ನಿಮ್ಮ ಹುಡುಗರು ಹಾಡ್ಲಿ. ನನಗ ಒಂದು ಬೇಕು. ಪ್ರಸಾದ ಆದ ಮ್ಯಾಲ ಜರಾ ಸುಮ್ಮ ಇರೋಣ್ರಿ."

ಫಾದರ್ ನಿಟ್ಟುಸಿರು ಬಿಟ್ಟರು. "ಸುಮ್ಮನೆ ಕೂತರೆ ಜನ ಮೊಬೈಲ್ ತೆಗೆಯುತ್ತಾರೆ ಅಕ್ಕೋರೇ. ಹುಡುಗರು ಎದ್ದು ಹೊರಗೆ ಹೋಗುತ್ತಾರೆ. ಹಾಡಿದ್ದರೆ ಕೂರುತ್ತಾರೆ."

"ಮೊಬೈಲ್ ತೆಗೀಲಿ ಬಿಡ್ರಿ. ಬ್ಯಾಸರ ಆಗ್ಲಿ. ಬ್ಯಾಸರ ಆದವ ಒಂದಿನ ತಲಿ ಎತ್ತಿ ಮುಂದ ನೋಡ್ತಾನ. ಆದ್ರ ಅಳಾಕ ಬಂದಾಕಿನ್ನ ಹೊರಗ ಕಳಿಸಬಾರದ್ರಿ."

ಫಾದರ್ ಪೂಜಾವಸ್ತ್ರ ಮಡಚಿ ಬದಿಗಿಟ್ಟರು. ಆಮೇಲೆ, "ನನಗೂ ಸುಮ್ಮನೆ ಕೂರಬೇಕು ಅನಿಸುತ್ತದೆ. ಕೂತರೆ ನಿದ್ದೆ ಬಂದುಬಿಡುತ್ತದೆ" ಎಂದರು. ಅದನ್ನು ಅವರು ತಮಾಷೆಗೆ ಹೇಳಲಿಲ್ಲ. ಅಕ್ಕೋರು ಅವರನ್ನು ಕರುಣೆಯಿಂದ ನೋಡಿದರು. "ನಿದ್ದಿ ಬಂದ್ರ ಬರಲಿ. ನಾವೇನು ಯಾರಿಗೂ ಹೇಳಂಗಿಲ್ಲ."

ಫಾದರ್ ಒಪ್ಪಿದರು. ಮನೆಯಲ್ಲಿ ಮಾತ್ರ ಮಗಳು ಒಪ್ಪಲಿಲ್ಲ. ನಾನು ರೊಟ್ಟಿ ಬಡಿಯುತ್ತಿದ್ದೆ, ಅವಳು ಬಾಗಿಲಿಗೆ ಒರಗಿ ನಿಂತಿದ್ದಳು. "ಅವ್ವಾ, ಆ ಹಾಡು ನುಡಿಸುವಾಗ ನನ್ನ ಕಣ್ಣಾಗ ನೀರು ಬಂದಿತ್ತು. ಅದು ಭಕ್ತಿ ಅಲ್ಲೇನು? ಸುಮ್ಮ ಕುಂತ್ರ ಮಾತ್ರ ಭಕ್ತಿ ಏನು?" ನಾನು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದೆ. ಅವಳ ಕಣ್ಣೀರನ್ನು ನಾನೂ ಕಂಡಿದ್ದೆ. ಅತ್ತ ಅಕ್ಕೋರು, ಇತ್ತ ಇವಳು. ಇಬ್ಬರದೂ ನಿಜವೇ ಆಗಿತ್ತು. ಆ ವರ್ಷವೆಲ್ಲ ನಾನು ಅವರಿಬ್ಬರ ಮಾತನ್ನು ಒಬ್ಬರಿಂದ ಒಬ್ಬರಿಗೆ ಮೆತ್ತಗೆ ಮಾಡಿ ಮುಟ್ಟಿಸುತ್ತಲೇ ಹೈರಾಣಾದೆ.

ಮೌನ ಕೆಲವು ವಾರ ನಡೆಯಿತು. ಆಮೇಲೆ ಹಬ್ಬ ಬಂತು, ಬಿಷಪ್ಪರು ಬಂದರು, ಅವರಿಗೆಂದು ಒಂದು ವಿಶೇಷ ಹಾಡು. ಮುಂದಿನ ವಾರ ಯಾರದೋ ಮದುವೆಯ ವಾರ್ಷಿಕೋತ್ಸವಕ್ಕೆ ಇನ್ನೊಂದು. ಅದರ ಮುಂದಿನ ವಾರ ಪ್ರಕಟಣೆಗಳು ಹೆಚ್ಚಿದ್ದವು... ಮೌನ ಬೇಡ ಎಂದು ಯಾರೂ ಹೇಳಲಿಲ್ಲ. ಅದು ತಾನಾಗಿ ಸವೆದುಹೋಯಿತು. ಅಕ್ಕೋರು ಮತ್ತೆ ಕೇಳಲಿಲ್ಲ. ಹಾಡುವವರ ಸಾಲು ಬಿಟ್ಟು ಕೊನೆಯ ಬೆಂಚಿಗೆ ಹೋಗಿ ಆ ಹೆಂಗಸಿನ ಪಕ್ಕ ಕೂರತೊಡಗಿದರು. ಹಾಡು ಜೋರಾದಾಗ ಅವಳ ಕೈ ಹಿಡಿದುಕೊಂಡಿರುತ್ತಿದ್ದರು.

ನಿವೃತ್ತಿಯಾದ ಮರುವರ್ಷ ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತೂ ಹೋಯಿತು. ರಾಮಸಮುದ್ರದ ತಮ್ಮನ ಮನೆಯವರು ಕರೆದೊಯ್ದರು. ಫಾದರ್ ಅವರಿಗೆ ಪ್ರಸಾದ ಒಯ್ಯುವ ದಿನ, "ನಾನೂ ಬರ್ತೀನಿ" ಎಂದು ಮಗಳು ತಾನಾಗಿ ಹೊರಟಳು. ಮಧ್ಯಾಹ್ನದ ಹೊತ್ತು. ಪಡಸಾಲೆಯಲ್ಲಿ ಮಂಚ. ಅಕ್ಕೋರ ಮುಖ ಒಂದು ಬದಿಗೆ ವಾಲಿತ್ತು, ಕಣ್ಣು ಮಾತ್ರ ಹಾಗೇ ಇದ್ದವು. ಫಾದರ್ ಪ್ರಾರ್ಥನೆ ಮಾಡಿ ಪ್ರಸಾದದ ಚಿಕ್ಕ ತುಣುಕೊಂದನ್ನು ಬಾಯಲ್ಲಿಟ್ಟರು, ಒಂದು ಗುಟುಕು ನೀರು ಕುಡಿಸಿದರು.

ಮಗಳು ಮಂಚದ ಬಳಿ ಬಗ್ಗಿ ಕೇಳಿದಳು. "ಅಕ್ಕೋರ, ಒಂದು ಹಾಡು ಹೇಳ್ಲೇನ್ರಿ? ನಿಮ್ಮದಽ, ಹಳೇದು."

ಅಕ್ಕೋರು ಎಡಗೈ ಚಾಚಿ ಅವಳ ಮಣಿಕಟ್ಟು ಹಿಡಿದು ಮೆಲ್ಲಗೆ ಕೆಳಕ್ಕೆ ಎಳೆದರು. ಕೂರು ಎಂದು. ಅವಳು ನೆಲದ ಮೇಲೆ ಕುಳಿತಳು. ನಾನು ಕುಳಿತೆ, ಫಾದರ್ ಕುಳಿತರು, ತಮ್ಮನ ಹೆಂಡತಿ ಬಾಗಿಲಲ್ಲೇ ಕುಳಿತಳು. ಯಾರೂ ಏನೂ ಹೇಳಲಿಲ್ಲ. ಹೊರಗೆ ಎಮ್ಮೆಯೊಂದು ಮೈ ಕೊಡವಿತು. ಎಷ್ಟು ಹೊತ್ತೋ... ಅಕ್ಕೋರು ಕೈ ಬಿಡಲಿಲ್ಲ, ಇವಳೂ ಬಿಡಿಸಿಕೊಳ್ಳಲಿಲ್ಲ.

ಮರಳುವಾಗ ಆಟೋದಲ್ಲಿ ಮಗಳು ನನ್ನ ಕಡೆ ತಿರುಗಿದಳು. "ಅವ್ವಾ, ನನಗ ಮೊದಲ ಅಂಜಿಕಿ ಆತು" ಎಂದಳು.

"ಯಾಕ?"

"ಏನ್ ಮಾಡಬೇಕೋ ತಿಳೀಲಿಲ್ಲ. ಮಾಡಾಕ ಏನೂ ಇರಲಿಲ್ಲ. ಆಮ್ಯಾಲ ಎದ್ದು ಬರಾಕ ಮನಸಽ ಆಗಲಿಲ್ಲ."

ಅಕ್ಕೋರು ಆ ಬೇಸಿಗೆಯಲ್ಲಿ ತೀರಿಕೊಂಡರು. ಮಣ್ಣು ಮಾಡುವ ಮೊದಲಿನ ಪೂಜೆ ಶಹಾಪುರದಲ್ಲೇ ಆಯಿತು. ಅವರ ಶಾಲೆಯ ಮಾಸ್ತರರು, ಓಣಿಯ ಲಿಂಗಾಯತರು, ಮುಸಲ್ಮಾನರು, ಎಲ್ಲ ಬಂದು ಒಳಗೂ ಹೊರಗೂ ತುಂಬಿದ್ದರು. ಮಗಳು ಕೀಬೋರ್ಡ್ ನುಡಿಸಿದಳು, ಚೆನ್ನಾಗಿಯೇ ನುಡಿಸಿದಳು. ಪ್ರಸಾದದ ಹಾಡು ಮುಗಿದ ಮೇಲೆ ಕೈ ಎತ್ತಿ ಮಡಿಲಲ್ಲಿಟ್ಟುಕೊಂಡಳು. ಅವಳು ಮರೆತಳೆಂದು ತಿಳಿದು ಪಕ್ಕದ ಹುಡುಗಿ ಮುಂದಿನ ಹಾಡಿಗೆ ಬಾಯಿ ತೆರೆದಾಗ ಬೇಡವೆಂದು ತಲೆ ಆಡಿಸಿದಳು. ಫಾದರ್ ಕಣ್ಣು ಮುಚ್ಚಿ ಕುಳಿತರು, ಏಳಲಿಲ್ಲ. ಆಗ ಕೊನೆಯ ಬೆಂಚಿನಿಂದ ಅಳು ಕೇಳಿಸಿತು. ಸುರಪುರದ ಕಡೆಯ ಆ ಹೆಂಗಸು ಅಂದು ಸೆರಗು ಎಳೆದುಕೊಳ್ಳಲಿಲ್ಲ. ಬಾಯಿ ತೆರೆದು, ಹಳ್ಳಿಯಲ್ಲಿ ಸತ್ತವರ ಮುಂದೆ ಹಾಡಿ ಅಳುವಂತೆ, ಮೊದಲು ಅಕ್ಕೋರಿಗಾಗಿ, ಆಮೇಲೆ ತೀರಿಹೋದ ತನ್ನ ಮಗಳ ಹೆಸರು ಹಿಡಿದು ಅತ್ತಳು. ಯಾರೂ ಅವಳನ್ನು ಸುಮ್ಮನಿರು ಎನ್ನಲಿಲ್ಲ. ಆಕೆ ಮುಗಿಸುವವರೆಗೆ ಅಷ್ಟೂ ಜನ ಕಾಯ್ದರು.

ಆ ಫಾದರ್‌ಗೆ ವರ್ಗವಾಗಿದೆ. ಮಗಳು ಮದುವೆಯಾಗಿ ರಾಯಚೂರಿನಲ್ಲಿದ್ದಾಳೆ, ಅಲ್ಲಿನ ಶಾಲೆಯೊಂದರಲ್ಲಿ ಕಲಿಸುತ್ತಾಳೆ. ಈಗ ಕೀಬೋರ್ಡ್ ನುಡಿಸುವವರೂ ಇಲ್ಲ. ಫೋನಿನಲ್ಲಿ ಸಂಗೀತ ಹಚ್ಚಿ ಅದರ ಮೇಲೆ ಹಾಡುತ್ತೇವೆ. ಹಾಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಬೇರೆ ಯಾರೂ ಇಲ್ಲವೆಂದು ಬಂದದ್ದು. ಹೋದ ಭಾನುವಾರ ಪ್ರಸಾದದ ಹಾಡು ಮುಗಿದದ್ದೇ ತಡ, ಫೋನಿನಿಂದ ಸೋಪಿನ ಜಾಹೀರಾತೊಂದು ಚರ್ಚಿನ ತುಂಬ ಮೊಳಗಿತು. ಹುಡುಗಿಯೊಬ್ಬಳು ಗಾಬರಿಯಾಗಿ ಅದನ್ನು ಆರಿಸಿದಳು. ಕೆಲವರು ನಕ್ಕರು, ನನಗೂ ನಗು ಬಂತು. ಅಕ್ಕೋರಿದ್ದಿದ್ದರೆ ಈಗ ಏನಾದರೂ ಒಂದು ಮಾತು ಅನ್ನುತ್ತಿದ್ದರು ಎಂದುಕೊಂಡೆ. ಆ ಮಾತನ್ನು ಅವರ ದನಿಯಲ್ಲೇ ಊಹಿಸಿಕೊಳ್ಳಲು ನೋಡಿದೆ.

ಆಗಲಿಲ್ಲ. ಅವರು ಕಲಿಸಿದ ರಾಗಗಳೆಲ್ಲ ನೆನಪಿವೆ, ಆಡಿದ ಮಾತುಗಳು ನೆನಪಿವೆ, ಕನ್ನಡಕದ ಮೇಲಿನ ಆ ನೋಟವೂ ಇದೆ. ಅಷ್ಟು ವರ್ಷ ಬಾಜೂ ಕುಳಿತು ಕೇಳಿದ ದನಿ ಮಾತ್ರ ಇಲ್ಲ. ಯಾರೂ ಅದನ್ನು ರೆಕಾರ್ಡ್ ಮಾಡಿ ಹಿಡಿದಿಟ್ಟಿಲ್ಲ. ಆ ದನಿ ನಿನಗಾದರೂ ನೆನಪಿದೆಯೇ ಎಂದು ಮಗಳಿಗೆ ಫೋನ್ ಮಾಡಿ ಕೇಳಿದೆ. "ನನಗೂ ನೆನಪಾಗವಲ್ದು ಅವ್ವಾ" ಎಂದಳು.