ನಡುಮನೆಯ ಬಸ್ಸು

ಡ್ರೈವರ್ ಚನ್ನಮಲ್ಲಯ್ಯನನ್ನು ಯಾರಾದರೂ ಹೊಗಳಿದರೆ ನನಗೆ ಮೊದಲು ಸಿಟ್ಟೇ ಬರುತ್ತದೆ. ಅವನ ಜೊತೆ ಹದಿನೆಂಟು ವರ್ಷ ಕೊರಟಗೆರೆ–ಪಾವಗಡ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರಾಗಿ ಏಗಿದವನು ನಾನು, ಕೊಳಾಲದ ಬೋರಯ್ಯ. ಒಳ್ಳೆಯದೋ ಕೆಟ್ಟದ್ದೋ, ಅವನ ಬಗ್ಗೆ ಮಾತಾಡುವ ಹಕ್ಕು ನನ್ನದು.

ಮಲ್ಲಣ್ಣ ಅಂದರೆ ಮೊಂಡು. ಬಸ್ಸಿನಲ್ಲಿ ಹಾಡು ಹಾಕಲು ಬಿಡುತ್ತಿರಲಿಲ್ಲ, ಇಂಜಿನ್ ಸದ್ದು ಕೇಳಿಸುವುದಿಲ್ಲವಂತೆ. ಡ್ರೈವರ್ ಪಕ್ಕದ ಬಾನೆಟ್ ಮೇಲೆ ಯಾರನ್ನೂ ಕೂರಿಸುತ್ತಿರಲಿಲ್ಲ, ಅವನ ಮಗಳು ತೇಜಸ್ವಿನಿಯನ್ನು ಬಿಟ್ಟು. ಅವಳು ರಜೆಯಲ್ಲಿ ಅಲ್ಲಿ ಕೂತು ಅಪ್ಪನ ಕೈಗಳನ್ನೇ ನೋಡುತ್ತಾ ಪಾವಗಡದವರೆಗೂ ಬರುತ್ತಿದ್ದಳು. ಒಮ್ಮೆ ಮಧುಗಿರಿ ಸ್ಟ್ಯಾಂಡಿನಲ್ಲಿ ನಾನು ಯಾರದೋ ಚಿಲ್ಲರೆ ಜಗಳದಲ್ಲಿ ಸಿಕ್ಕಿಕೊಂಡಿದ್ದೆ. ಬಸ್ಸಿನ ತುಂಬ ಜನ. ಪಾವಗಡ ಕಡೆಯ ತೆಲುಗಿನವರು ‘ಪೋನೀ ಸ್ವಾಮಿ, ಪೋನೀ’, ಹೊರಡಲಿ ಹೊರಡಲಿ, ಅಂತ ಸೀಟು ಬಡಿಯುತ್ತಿದ್ದಾರೆ. ಇವನು ಇಂಜಿನ್ ಆನ್ ಮಾಡಿ, ಎರಡೂ ಕೈ ಸ್ಟೇರಿಂಗ್ ಮೇಲಿಟ್ಟು, ತಾನಲ್ಲ ತನ್ನ ತಮ್ಮನಲ್ಲ ಅನ್ನುವಂತೆ ಕೂತಿದ್ದಾನೆ. ಓಡಿ ಬಂದು ಬೈದೆ.

“ಒಂದ್ ನಾಕ್ ಮಾರು ಮುಂದಕ್ ತಗಂಡಿದ್ರೆ ನಿನ್ ಗಂಟೇನ್ ಹೋಗ್ತಿತ್ತು ಮಲ್ಲಣ್ಣ?”

“ಹಿಂದ್ಗಡೆ ಬಾಗ್ಲಲ್ಲಿ ಯಾವ್ ಮುದ್ಕಿ ಕಾಲಿಟ್ಟವ್ಳೋ ನಂಗೇನ್ಲಾ ಗೊತ್ತು? ಮುಂದ್ಕೆ ನನ್ ಕಣ್ಣು, ಹಿಂದ್ಕೆ ನಿನ್ ಕಣ್ಣು. ಊದು,” ಅಂದ. ಎರಡು ವಿಶಲ್ ಊದಿದೆ, ಹೊರಟ.

ಇಂಥವನಿಗೆ ಈ ವರ್ಷ ಯುಗಾದಿ ಕಳೆದ ಮೇಲೆ ಲಕ್ವ ಹೊಡೆಯಿತು. ಬಸ್ಸಿನಲ್ಲಿ ಅಲ್ಲ, ವಾರದ ರಜೆಯ ದಿನ, ಬಚ್ಚಲಿನಲ್ಲಿ ಹಲ್ಲುಜ್ಜುವಾಗ. ಅದಕ್ಕೂ ರಜೆ ನೋಡಿಕೊಂಡ ಅಂತ ನಾನು ಆಸ್ಪತ್ರೆಯಲ್ಲಿ ತಮಾಷೆ ಮಾಡಿದೆ, ಆಮೇಲೆ ಹೊರಗೆ ಬಂದು ಅತ್ತೆ. ಕಾಲು ಹೇಗೋ ಸುಧಾರಿಸಿತು. ಮಾತು ಹೋಯಿತು. ಬಲಗೈ ತೊಡೆಯ ಮೇಲೆ ಬಿದ್ದದ್ದು ಬಿದ್ದಂತೆಯೇ ಇತ್ತು.

ತುಮಕೂರಿನ ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದ್ದರು: ಕೈಯಲ್ಲಿ ಜೀವ ಇದೆ, ಆದರೆ ಅದನ್ನು ಅವರೇ ಎತ್ತಬೇಕು. ಮೊದಲ ಆರು ತಿಂಗಳು ಮುಖ್ಯ. ಬಿಟ್ಟರೆ ಹಾಗೇ ಸೆಟೆದುಕೊಳ್ಳುತ್ತದೆ. ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟರು. ಮಲ್ಲಣ್ಣ ಎಡಗೈಯಲ್ಲಿ ಅದನ್ನು ಎತ್ತಿ ಕಿಟಕಿಯಿಂದ ಆಚೆ ಎಸೆದ. ಹೆಂಡತಿ ರಾಧಾಮಣಿ ಮತ್ತೆ ತಂದಿಟ್ಟರೆ ಮತ್ತೆ ಎಸೆದ. ನಾಲ್ಕು ತಿಂಗಳು ಹೀಗೇ ಕಳೆಯಿತು. ಗೋಡೆ ನೋಡಿಕೊಂಡು ಮಲಗುವುದು, ತಿನ್ನಿಸಿದರೆ ತಿನ್ನುವುದು.

ತೇಜಸ್ವಿನಿ ಈಗ ಶಿರಾದಲ್ಲಿ ಹೈಸ್ಕೂಲ್ ಟೀಚರು. ಒಂದು ದಿನ ನಮ್ಮ ಬಸ್ಸು ಹತ್ತಿ, ಟಿಕೆಟ್ ತೆಗೆದುಕೊಳ್ಳುವ ಮೊದಲೇ ಫೋನು ಹಿಡಿದಳು. ವಿಡಿಯೋದಲ್ಲಿ ಯಾರೋ ಒಬ್ಬ ಕಂಪ್ಯೂಟರ್ ಮುಂದೆ ಸ್ಟೇರಿಂಗ್ ಕಟ್ಟಿಕೊಂಡು, ಪರದೆಯ ಮೇಲೆ ನಮ್ಮ ಕಡೆಯ ಪ್ರೈವೇಟ್ ಬಸ್ಸನ್ನೇ ಓಡಿಸುವ ಆಟ ಆಡುತ್ತಿದ್ದ. ಅದೇ ಬಣ್ಣ, ಅದೇ ಹಾರ್ನು.

“ಅಪ್ಪಂಗೆ ಇದನ್ನ ಮಾಡ್ಕೊಡ್ತೀನಿ ಮಾಮ. ಚೆಂಡು ಹಿಡೀದ ಕೈ ಸ್ಟೇರಿಂಗ್ ಹಿಡೀಬೋದು.”

“ಆಟದ ಸಾಮಾನು ಕಣಮ್ಮ ಅದು. ಅವ್ನು ಉಗೀತಾನೆ.”

“ಉಗುದ್ರೆ ಉಗೀಲಿ. ಬಾಯಾದ್ರೂ ಅಲ್ಲಾಡ್ತದೆ.”

ಅಪ್ಪನ ಮೊಂಡು ಮಗಳಿಗೆ ಬಡ್ಡಿ ಸಮೇತ ಬಂದಿದೆ. ಆ ಬುಧವಾರ ರಜೆ ಹಾಕಿ ಅವಳ ಜೊತೆ ಶಿರಾದ ನಯಾಜ್ ಅಂಗಡಿಗೆ ಹೋದೆ. ಹಳೆ ಕಂಪ್ಯೂಟರ್ ತಂದು ರಿಪೇರಿ ಮಾಡಿ ಮಾರುವ ಅಂಗಡಿ. ನಲವತ್ತು ಸಾವಿರ ದಾಟುವಂತಿಲ್ಲ ಅಂತ ತೇಜಸ್ವಿನಿ ಮೊದಲೇ ಹೇಳಿಬಿಟ್ಟಳು. ನಯಾಜ್ ಗಡ್ಡ ಕೆರೆದುಕೊಂಡ.

“ಮೆಮರಿ ರೇಟು ಈ ವರ್ಷ ಟೊಮೆಟೊ ತರ ಏರ್ಬಿಟ್ಟೈತೆ ಮೇಡಂ. ಇಷ್ಟ್ರಲ್ಲಿ ಎರಡೇ ರಸ್ತೆ. ಹೊಸಾ ಮಿಷಿನ್ನು, ಹೊಸಾ ಗ್ರಾಫಿಕ್ಸ್ ಕಾರ್ಡು ಹಾಕಿದ್ರೆ ಚಿತ್ರ ನೀರು ಹರ್ದಂಗೆ ಹೋಯ್ತದೆ. ಆದ್ರೆ ಸ್ಟೇರಿಂಗು ಸಸ್ತಾದು, ಗೇರ್ ಬರಲ್ಲ, ಬಟನ್ ಒತ್ಬೇಕು. ಇಲ್ಲ, ಆಫೀಸಲ್ಲಿ ಓಡಿರೋ ಹಳೇ ಮಿಷಿನ್ನು, ಹಳೇ ಕಾರ್ಡು. ಆಗ ಕ್ಲಚ್ಚು, ಬ್ರೇಕು, ಗೇರ್ ರಾಡು ಎಲ್ಲಾ ಇರೋ ಸೆಟ್ ಸಿಗ್ತದೆ. ಚಿತ್ರ ಮಾತ್ರ ಅಲ್ಲಲ್ಲಿ ಜಗ್ಗಬೋದು.”

ನಾನು ಹೊಸದೇ ಇರಲಿ ಅಂದೆ. ನನ್ನ ಭಯ ಬೇರೆ. ಇಂಜಿನ್ ಒಂದು ಸಲ ಮಿಸ್ ಹೊಡೆದರೆ ಇಡೀ ದಿನ ಮುಖ ಗಂಟು ಹಾಕಿಕೊಂಡಿರುತ್ತಿದ್ದ ಮನುಷ್ಯ ಅವನು. ಪರದೆಯ ಮೇಲೆ ಬಸ್ಸು ಜಗ್ಗಿದರೆ ಎದ್ದು ಹೋಗಿ ಗೋಡೆ ಕಡೆ ಮಲಗುತ್ತಾನೆ, ಇನ್ನೊಂದು ಸಲ ಕೂರುವುದಿಲ್ಲ. ನಮಗಿದ್ದದ್ದು ಒಂದೇ ಅವಕಾಶ. ತೇಜಸ್ವಿನಿ ತಲೆ ಅಲ್ಲಾಡಿಸಿದಳು.

“ಬಟನ್ ಆದ್ರೆ ಅಪ್ಪ ಎಡಗೈಲೇ ಎಲ್ಲ ಮುಗಿಸ್ತಾರೆ. ಗೇರ್ ರಾಡ್ ಇರೋದು ಎಡಕ್ಕೆ. ಎಡಗೈ ಗೇರಿಗೆ ಹೋದ್ರೆ ಸ್ಟೇರಿಂಗ್ ಯಾರ್ ಹಿಡೀಬೇಕು ಮಾಮ?”

ಪೂರ್ತಿ ಸೋಲಬಾರದು ಅಂತ, ಗಾಜಿನ ಮುಖ ಇರುವ, ಒಳಗೆ ಬಣ್ಣಬಣ್ಣದ ದೀಪ ಉರಿಯುವ ಡಬ್ಬಿಯನ್ನಾದರೂ ತೆಗೆದುಕೊಳ್ಳೋಣ, ಪಾವಗಡದ ಬಸ್ಸಿನ ಹಾಗೆ ಕಾಣುತ್ತದೆ ಅಂದೆ. “ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವಾ?” ಅಂದಳು. ನಯಾಜ್ ನಕ್ಕ.

ಕಾರ್ಡುಗಳಲ್ಲಿ ಕೊನೆಗೆ ಎರಡು ಉಳಿದವು. ದೊಡ್ಡದು ಚೆನ್ನಾಗಿತ್ತು, ಆದರೆ ಅದಕ್ಕೆ ಬೇರೆ ಕರೆಂಟ್ ವೈರು ಕೊಡಬೇಕು. ಹಳೆ ಮಿಷಿನ್ನಿನ ಪವರ್ ಸಪ್ಲೈ ಅದನ್ನು ತಡೆದುಕೊಳ್ಳುವುದಿಲ್ಲ, ಅದನ್ನೂ ಬದಲಿಸಿದರೆ ಗೇರ್ ರಾಡಿಗೆ ದುಡ್ಡು ಸಾಲದು. ಚಿಕ್ಕದು ಬೋರ್ಡಿನಿಂದಲೇ ಕರೆಂಟು ಎಳೆದುಕೊಳ್ಳುತ್ತದೆ, ಫ್ಯಾನು ಮಾತ್ರ ಸ್ವಲ್ಪ ಗೊರಗುಟ್ಟುತ್ತಿತ್ತು. ತೇಜಸ್ವಿನಿ ಚಿಕ್ಕದನ್ನೇ ಆರಿಸಿದಳು. ಹಳೆ ಸಾಮಾನಾದ್ದರಿಂದ ಗ್ಯಾರಂಟಿ ಇಲ್ಲ. ಶನಿವಾರ ಅಂಗಡಿ ಮುಚ್ಚುವುದರೊಳಗೆ ತಂದರೆ ಸೆಟ್ಟು ಸಮೇತ ವಾಪಸ್, ಆಮೇಲೆ ನಮ್ಮದೇ ಅಂತ ನಯಾಜ್ ಖಂಡಿತವಾಗಿ ಹೇಳಿದ.

ಗುರುವಾರ ನನಗೆ ಡ್ಯೂಟಿ. ಮನಸ್ಸೆಲ್ಲ ಕೊರಟಗೆರೆಯಲ್ಲಿ, ತೇಜಸ್ವಿನಿ ಸೆಟ್ಟು ಜೋಡಿಸುತ್ತಿದ್ದ ಮಲ್ಲಣ್ಣನ ಮನೆಯಲ್ಲಿ. ಈಗಿನ ನಮ್ಮ ಡ್ರೈವರ್ ಕನ್ನಡಿ ನೋಡಿಕೊಂಡು ತಾನೇ ಹೊರಟುಬಿಡುವ ಹುಡುಗ, ನನ್ನ ವಿಶಲ್ ಜೇಬಿನಲ್ಲಿ ತೂಗಾಡುವುದಷ್ಟೇ. ಸಂಜೆ ತೇಜಸ್ವಿನಿಯ ಫೋನು ಬಂತು.

“ಕೂತ್ರು ಮಾಮ. ಕರೆದ ತಕ್ಷಣ ಎದ್ ಬಂದು ಕೂತ್ರು. ಎಡಗೈಲಿ ಇಂಜಿನ್ ಸ್ಟಾರ್ಟ್ ಮಾಡುದ್ರು. ಆಮೇಲೆ ಅಷ್ಟೆ, ಸುಮ್ನೆ ನೋಡ್ತಾವ್ರೆ. ಗೇರ್ ಮುಟ್ಟಲ್ಲ.”

“ಹ್ಯಾಂಗ್ ಆಗಿರ್ಬೇಕು. ಆ ಕಾರ್ಡ್ ಬ್ಯಾಡ ಅಂತ ಬಡ್ಕಂಡೆ.”

ನಯಾಜ್ ಹೇಳಿದಂತೆ ಅವಳು ಚಿತ್ರದ ಗುಣಮಟ್ಟ ಇಳಿಸಿದಳು, ಕಾರ್ಡು ಬಿಚ್ಚಿ ಮತ್ತೆ ಕೂರಿಸಿದಳು. ಶುಕ್ರವಾರವೂ ಅದೇ ಕತೆ. ಇಂಜಿನ್ ಸ್ಟಾರ್ಟ್ ಮಾಡುತ್ತಾನೆ, ಕೂರುತ್ತಾನೆ, ಊಟಕ್ಕೆ ಕರೆದರೂ ಏಳುವುದಿಲ್ಲ. ರಾತ್ರಿ ರಾಧಾಮಣಿಯೇ ಫೋನು ತೆಗೆದುಕೊಂಡಳು. ಯಾವತ್ತೂ ಗಟ್ಟಿ ಮಾತಾಡದ ಹೆಂಗಸು.

“ಗೊಂಬೆ ಕೊಟ್ಟು ಅವ್ರ ಮಾನ ಕಳುದ್ವಿ ಬೋರಣ್ಣ. ಕಣ್ಣಲ್ಲಿ ನೀರ್ ತುಂಬ್ಕಂಡು ಕೂತವ್ರೆ. ನಾಳೆ ಬಂದು ಎತ್ಕಂಡ್ ಹೋಗ್ಬುಡು.”

ಶನಿವಾರ ಬೆಳಗಿನ ಟ್ರಿಪ್ ಮುಗಿಸಿ ಖಾಕಿಯಲ್ಲೇ ಅವರ ಮನೆಗೆ ಹೋದೆ. ಮಧ್ಯಾಹ್ನದ ಬಸ್ಸಿಗೆ ಸಾಮಾನು ಹಾಕಿದರೆ ಶಿರಾ ಅಂಗಡಿ ಮುಚ್ಚುವ ಮೊದಲು ಸೇರಬಹುದು. ನಡುಮನೆಯಲ್ಲಿ ಖಾಲಿ ಡಬ್ಬಿಗಳು ಬಾಯಿ ತೆರೆದು ಕಾದಿದ್ದವು. ಮಲ್ಲಣ್ಣ ಮೇಜಿನ ಮುಂದೆ ಕೂತಿದ್ದ. ಎಡಗೈ ಸ್ಟೇರಿಂಗ್ ಮೇಲೆ, ಬಲಗೈ ತೊಡೆಯ ಮೇಲೆ. ಪರದೆಯಲ್ಲಿ ಬಿಳಿ ಬಸ್ಸಿನ ಒಳಗಿನ ನೋಟ, ಬೋರ್ಡಿನಲ್ಲಿ ತೇಜಸ್ವಿನಿ ಬರೆಸಿದ ಕೊರಟಗೆರೆ–ಪಾವಗಡ. ಇಂಜಿನ್ ಸದ್ದು ಬರುತ್ತಿತ್ತು. ಅವನು ನನ್ನ ಕಡೆ ತಿರುಗಲಿಲ್ಲ. ನಾಲ್ಕು ತಿಂಗಳಿಂದ ತಡೆದುಕೊಂಡಿದ್ದ ಸಿಟ್ಟು ನನಗೆ ಆಗ ಬಂತು. ಯಾರ ಮೇಲೆ ಅಂತ ಗೊತ್ತಿಲ್ಲ.

“ಬಿಚ್ಚಮ್ಮ ಕಾರ್ಡ್ನ. ಟೈಮಾಯ್ತು.”

ತೇಜಸ್ವಿನಿ ಸ್ಕ್ರೂಡ್ರೈವರ್ ಹಿಡಿದು ಬಗ್ಗಿದಳು. ಅವಳ ಮುಖ ನೋಡಲು ಆಗಲಿಲ್ಲ. ಪ್ಲಗ್ಗಿಗೆ ಕೈ ಹಾಕುವಷ್ಟರಲ್ಲಿ ಮಲ್ಲಣ್ಣನ ಎಡಗೈ ಬಂದು ಅವಳ ಮಣಿಕಟ್ಟು ಹಿಡಿಯಿತು. ಬಿಡಿಸಿಕೊಳ್ಳಲು ನೋಡಿದಳು, ಬಿಡಲಿಲ್ಲ. ಗಂಟಲಿನಿಂದ ಏನೋ ಸದ್ದು ಹೊರಡಿಸಿದ. ಮೊದಲ ಸಲ ನನ್ನನ್ನು ನೋಡಿದ, ಮುಖವನ್ನಲ್ಲ, ಎದೆಯ ಜೇಬನ್ನು. ಆಮೇಲೆ ಪರದೆಯ ಎಡಗಡೆಯ ಕನ್ನಡಿ ನೋಡಿದ. ಕನ್ನಡಿಯಲ್ಲಿ ಬಸ್ಸಿನ ಹಿಂಬಾಗಿಲು ಕಾಣುತ್ತಿತ್ತು.

ಮೂರು ದಿನದಿಂದ ನಾವು ಕಾರ್ಡು ಸರಿ ಮಾಡುತ್ತಿದ್ದೆವು, ಸೆಟ್ಟಿಂಗು ಸರಿ ಮಾಡುತ್ತಿದ್ದೆವು. ಹ್ಯಾಂಗ್ ಆಗಿದ್ದು ಮಿಷಿನ್ನಲ್ಲ. ಹಿಂದಕ್ಕೆ ಕಣ್ಣಿಲ್ಲದ ಬಸ್ಸನ್ನು ಅವನು ಹೇಗೆ ಎತ್ತುತ್ತಾನೆ?

“ಬಿಚ್ಬ್ಯಾಡ ಬುಡಮ್ಮ, ಪಕ್ಕಕ್ ಬಾ,” ಅಂದೆ. ಮಲ್ಲಣ್ಣ ಅವಳ ಮಣಿಕಟ್ಟು ಬಿಟ್ಟು ಎಡಗೈ ಮತ್ತೆ ಸ್ಟೇರಿಂಗ್ ಮೇಲಿಟ್ಟ. ಅವನ ಕುರ್ಚಿಯ ಹಿಂದೆ ಎಡಕ್ಕೆ ನಿಂತು ಜೇಬಿನಿಂದ ವಿಶಲ್ ತೆಗೆದೆ. ಬಾಯಿ ಒಣಗಿ ಮೊದಲ ಸಲ ಬರೀ ಗಾಳಿ ಬಂತು. ತುಟಿ ನೆಕ್ಕಿಕೊಂಡು ಊದಿದೆ. ಎರಡು ಸಲ.

ಮಲ್ಲಣ್ಣ ಕ್ಲಚ್ ಒತ್ತಿದ. ಎಡಗೈ ಸ್ಟೇರಿಂಗ್ ಬಿಟ್ಟು ಗೇರ್ ರಾಡಿಗೆ ಹೋಯಿತು. ಸ್ಟೇರಿಂಗ್ ಮೇಲೆ ಯಾರ ಕೈಯೂ ಇರಲಿಲ್ಲ. ರಾಧಾಮಣಿ ಅಡುಗೆಮನೆಯ ಬಾಗಿಲಲ್ಲಿ ಸೆರಗು ಕಚ್ಚಿ ನಿಂತಿದ್ದಳು. ತೊಡೆಯ ಮೇಲಿನ ಬಲಗೈ ಅಲುಗಿತು. ಗೇಣುದ್ದ ಎದ್ದು ಬಿತ್ತು. ಅವನ ಹಣೆಯಲ್ಲಿ ಬೆವರು. ಮತ್ತೆ ಎದ್ದಿತು, ಮೇಜಿನ ಅಂಚಿಗೆ ತಾಗಿತು, ಅಂಚು ಹಿಡಿದು ಮೇಲಕ್ಕೆ ತೆವಳಿತು, ಸ್ಟೇರಿಂಗಿನ ಕೆಳಭಾಗಕ್ಕೆ ಬೆರಳು ಸಿಕ್ಕಿಸಿಕೊಂಡಿತು. ಗೇರ್ ಬಿತ್ತು. ಬಸ್ಸು ಜಗ್ಗಿ ಮುಂದಕ್ಕೆ ಹೋಯಿತು.

ಚಿತ್ರವೂ ಜಗ್ಗಿತು, ನಾನು ಹೆದರಿದ್ದ ಹಾಗೆಯೇ. ಅವನು ಅದಕ್ಕೆ ಸೊಪ್ಪು ಹಾಕಲಿಲ್ಲ. ತಿರುವಿನಲ್ಲಿ ಬಲಗೈ ಜಾರಿ ಬಸ್ಸು ಕಾಂಪೌಂಡಿಗೆ ಉಜ್ಜಿ ನಿಂತಿತು. ತೇಜಸ್ವಿನಿ ಕೈ ಎತ್ತಿಕೊಡಲು ಹೋದಳು. ನಾನು ತಡೆದೆ. ಅವನೇ ಎತ್ತಿಟ್ಟುಕೊಂಡ, ಕನ್ನಡಿ ನೋಡಿದ, ಕಾದ. ನಾನು ಊದಿದೆ.

ಶಿರಾ ಬಸ್ಸಿನ ಹೊತ್ತು ಮೀರಿತು. ತೇಜಸ್ವಿನಿ, ದಿನಾ ಮಾಮ ಬರೋಕೆ ಆಗುತ್ತಾ ಅಂತ, ನನ್ನ ವಿಶಲ್ಲನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಮುಂದಿನ ಸ್ಟಾಪಿನಲ್ಲಿ ಅದನ್ನು ಹಾಕಿದಳು. ಮಲ್ಲಣ್ಣ ಮಿಸುಕಲಿಲ್ಲ. ಇನ್ನೊಂದು ಸಲ ಹಾಕಿದಳು, ಇಲ್ಲ. ಫೋನಿಗೆಲ್ಲಿ ಕಣ್ಣಿದೆ ಹಿಂದೆ ನೋಡಲು.

ಅಂಗಳಕ್ಕೆ ಹೋಗಿ ಬಸ್ ಓನರಿಗೆ ಫೋನು ಮಾಡಿದೆ. ಸೋಮವಾರದಿಂದ ಬೆಳಗಿನ ಟ್ರಿಪ್ ಮಾತ್ರ ಹಾಕಿ ಅಂದೆ. ಮಧ್ಯಾಹ್ನ ಏನಪ್ಪ ನಿಂಗೆ ಕೆಲ್ಸ ಅಂದರು.

“ಪಾವಗಡದ ಬಸ್ಸಿಗೆ ಡ್ಯೂಟಿ ಐತೆ ಸ್ವಾಮಿ.”

“ಅದ್ಕೆ ಬೇರೆ ಕಂಡಕ್ಟರ್ ಅವ್ನಲ್ಲ.”

“ಇದು ಬೇರೆ ಬಸ್ಸು. ಡ್ರೈವರ್ ಮಲ್ಲಣ್ಣ.”

ಆಯ್ತು ಬುಡು ಅಂದರು. ಒಳಗೆ ಬಂದರೆ ಮಲ್ಲಣ್ಣ ಅದೇ ಸ್ಟಾಪಿನಲ್ಲಿ ಕಾಯುತ್ತಿದ್ದ, ಎರಡೂ ಕೈ ಸ್ಟೇರಿಂಗ್ ಮೇಲಿಟ್ಟು.