ಕಾಲುವೆ ನಿಂತ ದಿನಗಳ ಗಿಟಾರು

ಮೊನ್ನೆ ರಕ್ತ ಪರೀಕ್ಷೆಗೆಂದು ತೋಳು ಚಾಚಿ ಕೂತಿದ್ದೆ. ನರ್ಸಮ್ಮ ಸ್ಪಿರಿಟ್ಟಿನ ಹತ್ತಿ ಒರೆಸಿದಳು. ಆ ವಾಸನೆಗೆ ನನಗೆ ನೆನಪಾದದ್ದು ಶಹಾಪುರದ ನಮ್ಮ ಪಕ್ಕದ ಮನೆಯ ಡ್ರಾಯಿಂಗ್ ಮಾಸ್ತರರು. ಅವರು ಹೀಗೆಯೇ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಟೇಪ್‌ರೆಕಾರ್ಡರಿನ ಹೆಡ್ಡು ಒರೆಸುತ್ತಿದ್ದರು...

ಅವರ ತಮ್ಮ ಆರ್ಕೆಸ್ಟ್ರಾದಲ್ಲಿ ಗಿಟಾರು ಬಾರಿಸುತ್ತಿದ್ದ. ಅಣ್ಣನಿಗೂ ಕಲಿಸಿದ್ದ. ಅವರವ್ವ ಹಾಡುವ ಸೋಬಾನೆ ಪದದ ಧಾಟಿಯನ್ನು ನುಡಿಸಿ ಒಂದು ಕ್ಯಾಸೆಟ್ಟಿಗೆ ತುಂಬಿ, "ಇದರ ಮ್ಯಾಲ ನಿಂದೂ ಕೂಡಸೋಣ ಅಣ್ಣಾ" ಅಂದಿದ್ದನಂತೆ. ಕೂಡಿಸುವ ಮೊದಲೇ ಕಾಮಾಲೆ ಅವನನ್ನು ಒಯ್ದಿತು. ಉಳಿದದ್ದು ಅದೊಂದೇ ಕ್ಯಾಸೆಟ್ಟು.

ಆ ಮಾತು ನಡೆಸಬೇಕೆಂದು ಮಾಸ್ತರರು ಹಟ ಹಿಡಿದರು. ತಮ್ಮಲ್ಲಿದ್ದ ಟೇಪ್‌ರೆಕಾರ್ಡರಿನಲ್ಲಿ ಆ ಕ್ಯಾಸೆಟ್ಟು ಹಚ್ಚುವುದು, ಅದರ ಜೊತೆ ತಾವು ನುಡಿಸುವುದು, ಎರಡನ್ನೂ ನಮ್ಮ ಮನೆಯಿಂದ ಒಯ್ದ ಟೇಪ್‌ರೆಕಾರ್ಡರಿನಲ್ಲಿ ತುಂಬಿಕೊಳ್ಳುವುದು. ಕೇಳಲಿಕ್ಕೆ ಸರಳ. ಆದರೆ ಕಾಲುವೆ ಬಂದಮೇಲೆ ಸುತ್ತೆಲ್ಲ ಭತ್ತ, ದಂಡೆಗುಂಟ ಪಂಪು. ನೀರು ಬಿಟ್ಟರೆ ಮೋಟರುಗಳೆಲ್ಲ ಒಮ್ಮೆಗೇ ಸುರುವಾಗುತ್ತಿದ್ದವು. ವೋಲ್ಟೇಜು ಬಿದ್ದು ಮನೆಯ ಬಲ್ಬು ಕೆಂಪಗಾಗಿ, ಟೇಪು ನಿಧಾನವಾಗಿ ಎಳೆದು, ತಮ್ಮನ ಗಿಟಾರು ಕುಂಟುತ್ತಿತ್ತು. ಅಣ್ಣ ಮುಂದೆ, ತಮ್ಮ ಹಿಂದೆ. ಮತ್ತೆ ಮೊದಲಿನಿಂದ! ಸೆಲ್ಲು ಹಾಕಿ ನೋಡಿದರು. ಸೆಲ್ಲು ಇಳಿದಂತೆ ಅದೂ ಅದೇ ಪಾಡು.

ಸರದಿಯಂತೆ ನೀರು ನಿಲ್ಲಿಸುವ ವಾರಾಬಂದಿಯ ದಿನಗಳಲ್ಲಿ ಮಾತ್ರ ಕರೆಂಟು ನೆಟ್ಟಗಿರುತ್ತಿತ್ತು. ಓಣಿಯವರು ನಗುತ್ತಿದ್ದರು: "ಊರೆಲ್ಲ ನೀರ ಬರ್ಲಿ ಅಂತದ, ನಮ್ಮ ಮಾಸ್ತರ ನೀರ ನಿಲ್ಲಲಿ ಅಂತಾರ." ನನಗಂತೂ ಅದೇ ಧಾಟಿ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. ಕ್ಯಾಸೆಟ್ಟು ಕೂಡ ಸವೆದು ಗೊರಗೊರ ಅನ್ನತೊಡಗಿತ್ತು.

"ಮಾಸ್ತರ, ಹಿಂಗ ಹಚ್ಚಿದ್ರ ಇದ್ದದ್ದೂ ಹೋಗ್ತದರಿ," ಅಂದೆ.

"ಇನ್ನೊಂದ ಸಲ ಅಕ್ಕಾರ. ಕೂಡಿದ್ರ ಮುಗೀತು."

ಕಾಲುವೆ ನಿಂತ ಒಂದು ಮಧ್ಯಾಹ್ನ ಅದು ಕೂಡಿಬಿಟ್ಟಿತು. ಮೊದಲಿನಿಂದ ಕಡೆಯವರೆಗೆ ಎಳ್ಳಷ್ಟೂ ಹಿಂದೆಮುಂದೆ ಇಲ್ಲ. ಧಾಟಿ ಮುಗಿಯುತ್ತಲೇ ತಮ್ಮನ ಕ್ಯಾಸೆಟ್ಟಿನ ರೀಲು ಗಾಲಿಗೆ ಸುತ್ತಿಕೊಂಡು ಮುದ್ದೆಯಾಗಿ ಹರಿದುಹೋಯಿತು. ಮಾಸ್ತರರು ಅದಕ್ಕೂ ಬೇಸರ ಮಾಡಿಕೊಳ್ಳಲಿಲ್ಲ. ಕೂಡಿತಲ್ಲ ಎಂಬ ಖುಷಿಯಲ್ಲಿ ಅವ್ವನನ್ನು ಒಳಗಿನಿಂದ ಕರೆತಂದು ಕೂಡಿಸಿ, ಹೊಸ ಕ್ಯಾಸೆಟ್ಟು ಹಚ್ಚಿದರು. ಮುದುಕಿ ಕಣ್ಣು ಮುಚ್ಚಿ ಪೂರ್ತಿ ಕೇಳಿತು.

"ಇದ್ರಾಗ ನಿಂದ್ಯಾವುದಪ, ಸಣ್ಣಂವಂದ್ಯಾವುದು?"

"ಎರಡೂ ಕೂಡ್ಯಾವ ಅವ್ವಾ."

"ಛಲೋ ಆಗ್ಯದ. ಈಗ ನಿಂದು ತಗದು, ಅಂವಂದೊಂದ ಹಚ್ಚು."

ಮಾಸ್ತರರು ಬಟನ್ನಿನ ಮೇಲೆ ಬೆರಳಿಟ್ಟುಕೊಂಡೇ ಕೂತರು. ಅವ್ವ ಕಾಯುತ್ತಿದ್ದಳು. ನನಗೆ ನೋಡಲಾಗದೆ ಎದ್ದು ಮನೆಗೆ ಬಂದೆ...

ಆಮೇಲೆ ಅವರಿಗೆ ಸುರಪುರದ ಕಡೆ ವರ್ಗವಾಯಿತು. ಅವ್ವ ತೀರಿಕೊಂಡ ಸುದ್ದಿ ಬಂತು. ಕೆಲವು ವರ್ಷದ ಮೇಲೆ ಮಾಸ್ತರರದ್ದೂ ಬಂತು. ಮೊನ್ನೆ ಆಸ್ಪತ್ರೆಯಿಂದ ಬಂದಮೇಲೆ ಮಗಳಿಗೆ ಇದನ್ನೆಲ್ಲ ಹೇಳಿದೆ. "ಈಗ ಫೋನಿನ್ಯಾಗ ಒಂದೊಂದು ದನಿ ಬ್ಯಾರೆ ಮಾಡ್ಲಿಕ್ಕೆ ಬರ್ತದವ್ವ. ಕ್ಯಾಸೆಟ್ ಎಲ್ಲ್ಯದ ಹೇಳು," ಅಂದಳು. ಎಲ್ಲಿದೆಯೋ ನನಗೆ ಗೊತ್ತಿಲ್ಲ, ಹುಡುಕುವ ಶಕ್ತಿಯೂ ಇಲ್ಲ. ಸಿಕ್ಕರೂ, ಅವನದೊಂದೇ ಹಚ್ಚು ಅಂದಾಕೆ ಎಲ್ಲಿದ್ದಾಳೆ?