ಪರಸಣ್ಣನ ಎಡೆಗೆ ಇಳಿದ ಕಾಗೆ

ಸತ್ತವರ ಆಸೆ ತೀರದಿದ್ದರೆ ಕಾಗೆ ಎಡೆ ಮುಟ್ಟುವುದಿಲ್ಲ ಎಂಬುದನ್ನು ನಾನು ಎಂದೂ ನಂಬಿದವನಲ್ಲ. ಹಸಿದ ಕಾಗೆ ತಿನ್ನುತ್ತದೆ, ಹೊಟ್ಟೆ ತುಂಬಿದ್ದು ತಿನ್ನುವುದಿಲ್ಲ, ಅಷ್ಟೇ ಎಂದು ಮಂದಿಯನ್ನು ಕಾಡಿಸುತ್ತಿದ್ದೆ. ಈಗ ಹಾಗೆನ್ನಲು ಬಾಯಿ ಬರುವುದಿಲ್ಲ. ನಂಬಿಕೆ ಬಂದಿದೆ ಎಂದಲ್ಲ, ನಾಚಿಕೆ.

ದಾಂಡೇಲಿಯ ಬಾಕ್ಸರ್ ಪರಸಣ್ಣ ತೀರಿಕೊಂಡು ಕೆಲವು ವರ್ಷಗಳಾದವು. ಕಾಗದದ ಮಿಲ್ಲಿನಲ್ಲಿ ಪಾಳಿ ಮುಗಿಸಿ ಬಂದು, ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಮಗೆಲ್ಲ ಕಲಿಸುತ್ತಿದ್ದ. ಅವನ ಹೆಸರು ಬೆಳಗಾವಿಯವರೆಗೂ ನಡೆಯುತ್ತಿತ್ತು. ಹುಸಿ ಏಟಿಗೆ ಅವನು ಮೋಸ ಹೋದದ್ದನ್ನು ಯಾರೂ ಕಂಡಿಲ್ಲ. ಎಡಗೈ ಎತ್ತಿದಂತೆ ಮಾಡಿ ಬಲಗೈಯಿಂದ ಹೊಡೆಯಲು ನಾನು ಎಷ್ಟು ಹವಣಿಸಿದರೂ ಅವನ ಮುಖ ಅಲ್ಲಿರುತ್ತಿರಲಿಲ್ಲ. “ಕೈಕಿಂತ ಮೊದಲ ನಿನ್ನ ಕಣ್ಣ ಸುಳ್ಳ ಹೇಳ್ತಾವಲೇ,” ಎಂದು ನಗುತ್ತಿದ್ದ.

ಅವನ ದಿನಕರ್ಮದಂದು ಕಾಳಿ ನದಿಯ ದಂಡೆಯಲ್ಲಿ ಎಡೆ ಇಟ್ಟು ದೂರ ನಿಂತೆವು. ಪಿಂಡದ ಪಕ್ಕ ಅವನಿಗೆ ಸೇರುತ್ತಿದ್ದ ಶೇಂಗಾ ಹೋಳಿಗೆ, ಮಿರ್ಚಿ ಭಜಿ. ಮತ್ತಿಮರದ ತುಂಬ ಕಾಗೆಗಳು, ಒಂದೂ ಇಳಿಯಲೊಲ್ಲದು. ರೂಢಿಯಂತೆ ಒಬ್ಬೊಬ್ಬರೇ ಕೈಮುಗಿದು ಮಾತು ಕೊಟ್ಟರು. ಅವನ ತಮ್ಮ, ಮನೆಗೆ ಹೊಸ ಹಂಚು ಹೊದಿಸುತ್ತೇನೆಂದ. ಮಗಳು ಅವ್ವನನ್ನು ತನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆಂದು ಬಿಕ್ಕಿದಳು. ಗೆಳೆಯರು ಅವನ ಹೆಸರಿನಲ್ಲಿ ಪಂದ್ಯ ನಡೆಸುವುದಾಗಿ ಹೇಳಿದರು. ಕಾಗೆಗಳು ಅಲುಗಾಡಲಿಲ್ಲ. ಬಿಸಿಲು ನೆತ್ತಿಗೇರಿತ್ತು, ಹೊಟ್ಟೆ ತಾಳ ಹಾಕುತ್ತಿತ್ತು, ಮುಂಡಗೋಡದಲ್ಲಿ ನನ್ನ ಅಂಗಡಿ ಮುಚ್ಚಿತ್ತು. ಕಾಗೆ ಮುಟ್ಟದೆ ಯಾರೂ ಅಲ್ಲಿಂದ ಕದಲುವಂತಿರಲಿಲ್ಲ. ವೈನಿ, ಅಂದರೆ ಪರಸಣ್ಣನ ಹೆಂಡತಿ, ಅಳುತ್ತ ನನ್ನ ಕಡೆ ನೋಡಿದರು.

ಒಮ್ಮೆ ಇದು ಮುಗಿದರೆ ಸಾಕೆಂದು ನಾನು ಮುಂದೆ ಹೋದೆ. “ಪರಸಣ್ಣಾ, ಶೆಡ್ ಮುಚ್ಚಗೊಡೂದಿಲ್ಲ. ರವಿವಾರಕ್ಕೊಮ್ಮೆ ನಾ ಬಂದು ಹುಡುಗರಿಗೆ ಕಲಸ್ತೇನಿ,” ಎಂದೆ. ಮನಸ್ಸಿನಲ್ಲಿ ಬಸ್ಸಿನ ಯೋಚನೆ ಬಿಟ್ಟರೆ ಬೇರೇನೂ ಇರಲಿಲ್ಲ.

ಮಾತು ಮುಗಿಯುವಷ್ಟರಲ್ಲಿ ಒಂದು ಕಾಗೆ ನೇರ ಕೆಳಗಿಳಿಯಿತು. ನನ್ನ ಕಾಲ ಬಳಿಯೇ ನಡೆದುಬಂದು ಪಿಂಡಕ್ಕೆ ಕೊಕ್ಕು ಹಾಕಿತು. ಅದು ನನ್ನನ್ನು ಕಂಡು ಹೆದರಲಿಲ್ಲ. ಹೆದರಿದವನು ನಾನು.

“ನಿನ್ನ ಮಾತಿನ ಸಲುವಾಗಿನ ಅವರು ತಡದಿದ್ರು ನೋಡಪಾ,” ಎಂದು ವೈನಿ ನನ್ನ ಕೈ ಹಿಡಿದುಕೊಂಡರು. ಮಂದಿ ನನಗೇ ಕೈಮುಗಿದರು. ನಿಜ ಹೇಳುವ ಧೈರ್ಯವಾಗದೆ, ತಲೆ ತಗ್ಗಿಸಿ ಊಟ ಮಾಡಿ ಬಸ್ಸು ಹತ್ತಿದೆ.

ಆಮೇಲೆ ಒಂದು ರವಿವಾರವೂ ಹೋಗಲಿಲ್ಲ. ಅಂಗಡಿ, ಸಂತೆ, ಮೊಣಕಾಲು ನೋವು, ನೆವಗಳಿಗೇನು ಬರ? ಹೋದ ದೀಪಾವಳಿಗೆ ವೈನಿಯೇ ಫೋನ್ ಮಾಡಿದರು. ಬೈಯುತ್ತಾರೆಂದುಕೊಂಡೆ.

“ಶೆಡ್ಡಿನ ಕೀಲಿ ನನ್ನ ಹತ್ರನ ಐತಿ. ಪ್ರತಿ ರವಿವಾರ ಕಸಾ ಹೊಡದು ಇಡ್ತೇನಿ. ನಿನಗ ಆದಾಗ ಬಾರಪಾ,” ಎಂದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಹಸಿದ ಕಾಗೆ ಬಂತು, ಅಷ್ಟೇ ಎಂದು ಈಗಲೂ ಹೇಳಿಕೊಳ್ಳುತ್ತೇನೆ. ಆದರೆ ಮನಸಾರೆ ಕೊಟ್ಟ ಅಷ್ಟು ಮಾತುಗಳನ್ನು ಬಿಟ್ಟು ಅದು ನನ್ನ ಮಾತಿಗೇ ಏಕೆ ಇಳಿಯಿತು, ನನಗೆ ತಿಳಿಯದು. ಬದುಕಿದ್ದಾಗ ನನ್ನ ಒಂದು ಹುಸಿ ಏಟಿಗೂ ಸಿಗದ ಪರಸಣ್ಣ ಅಂದು ನನ್ನ ಕಣ್ಣು ನೋಡಲಿಲ್ಲವೇ? ಅಥವಾ ನೋಡಿಯೂ ನಂಬಿದನೇ?